ನಮ್ಮನೆ ಗುಂಪಿನಲ್ಲಿ ‘ಗರಗಸ’

ಭಾವ: (ಫಾರ್ವರ್ಡ್ ಚಿತ್ರ: ‘3ನೇ ತರಗತಿಯ 100 ಮಕ್ಕಳಲ್ಲಿ 77 ಮಕ್ಕಳಿಗೆ 2ನೇ ತರಗತಿಯ ಪಾಠ ಓದಲು ಬರುವುದಿಲ್ಲ!’) ನೋಡಿ ಸರ್ಕಾರಿ ಶಾಲೆ ಕಥೆ. ಊರಿನ ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸೋಣ ಅಂತ ಇದಕ್ಕೇ ಹೇಳಿದ್ದು. ತಲೆಗೆ 2,000 ಹಾಕಿದರೆ ಮುಗಿಯಿತು.

ದೊಡ್ಡಪ್ಪ: ಟಿವಿ ನೋಡಿದರೆ ಓದು ಬರುತ್ತದಾ? ನಮಗೆ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದರು. ಅ ಆ ಇ ಈ, ಆಮೇಲೆ ಕಾಗುಣಿತ, ಎಲ್ಲ ಬಾಯಿಪಾಠ. ಈಗ ಪಕ್ಕದ ಮನೆ ಹುಡುಗಿ ‘ರ ಗ ಸ ದ’ ಅಂತ ಶುರು ಮಾಡುತ್ತಾಳೆ. ಇದ್ಯಾವ ಸೀಮೆ ವರ್ಣಮಾಲೆ?

ನಾನು: ಭಾವ, ಆ ಚಿತ್ರದಲ್ಲಿ ಅರ್ಧ ವಿಷಯ ಬಿಟ್ಟಿದ್ದಾರೆ. ಅದು ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ 2024ರ ಲೆಕ್ಕ. ನಮ್ಮ ರಾಜ್ಯದ್ದಲ್ಲ, ದೇಶದ ಹಳ್ಳಿಗಳದ್ದು. ಸರ್ಕಾರಿ ಶಾಲೆಯಲ್ಲಿ ಓದಬಲ್ಲವರು 100ಕ್ಕೆ 23.4. ಆದರೆ 2022ರಲ್ಲಿ ಅದು 16.3 ಇತ್ತು. ಕೊರೋನಾ ಕಾಲದಲ್ಲಿ ಬಿದ್ದದ್ದು ಏಳುತ್ತಿದೆ. ಖಾಸಗಿ ಶಾಲೆ ಮಕ್ಕಳನ್ನು ಸೇರಿಸಿಕೊಂಡರೂ 27.1 ಅಷ್ಟೇ. ಹಾಗಾಗಿ ಬರೀ ಸರ್ಕಾರಿ ಶಾಲೆ ಕಥೆ ಅನ್ನಬೇಡಿ.

ಭಾವ: 16 ಆದರೂ 23 ಆದರೂ ಕಮ್ಮಿಯೇ ತಾನೇ?

ನಾನು: ಕಮ್ಮಿಯೇ. ನನಗೂ ಸಂಕಟ ಆಗುತ್ತದೆ. ಅದಕ್ಕೇ ಭಾನುವಾರ ಅರಿವು ಕೇಂದ್ರಕ್ಕೆ ಹೋಗುತ್ತಿರುವುದು.

ಅತ್ತಿಗೆ: ಅರಿವು ಕೇಂದ್ರ ಅಂದ್ರೆ ಪಂಚಾಯಿತಿ ಲೈಬ್ರರಿನಾ?

ನಾನು: ಹೂಂ ಅತ್ತಿಗೆ, ಅದೇ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತಲ್ಲ, ಆಗಿನಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಹೋದ ವಾರ ಏನಾಯಿತು ಅಂತ ಹೇಳುತ್ತೇನೆ, ಕೇಳಿ. ಎರಡನೇ ಕ್ಲಾಸಿನ ಹುಡುಗ, ಪಕ್ಕದಲ್ಲೇ ಕೂತಿದ್ದ. ‘ಅಜ್ಜಿ ಕಜ್ಜಾಯ ಮಾಡಿದಳು’ ಅಂತ ಪುಸ್ತಕದಲ್ಲಿತ್ತು. ಬೆರಳಿಟ್ಟು ‘ಅ... ಜಿ’ ಅಂದ. ನಿಲ್ಲಿಸಿದ. ಮತ್ತೆ ‘ಅಜಿ ಕಜಾ...’ ಅಂದ. ನಾನು ಸುಮ್ನೆ ಇದ್ದೆ. ಚಿತ್ರ ನೋಡಿದ, ಒತ್ತಕ್ಷರದ ಕೆಳಗೆ ಉಗುರಿನಿಂದ ಒಂದು ಗೆರೆ ಎಳೆದ. ಆಮೇಲೆ ಒಮ್ಮೆಲೇ ‘ಅಜ್ಜಿ! ಅಜ್ಜಿ ಕಜ್ಜಾಯ ಮಾಡಿದಳು!’ ಅಂತ ಕೂಗಿದ. ಕಜ್ಜಾಯ ಅವನ ಮನೆಯ ಮಾತು, ಅದಕ್ಕೇ ಹೊಳೆಯಿತು. ಅವನು ‘ಅಜಿ’ ಅಂತ ತಡೆದಾಗ ಟಿವಿ ಕಾಯುತ್ತದಾ ಭಾವ? ಮುಂದಕ್ಕೆ ಹೋಗಿಬಿಡುತ್ತದೆ. ಪಕ್ಕದಲ್ಲಿ ಒಬ್ಬರು ಮನುಷ್ಯರು ಇರಬೇಕು.

ಭಾವ: ಅದಕ್ಕೆ ಮೇಷ್ಟ್ರಿಗೆ ಸಂಬಳ ಇಲ್ವಾ? ನಾವ್ಯಾಕೆ ಹೋಗಿ ಕೂರಬೇಕು?

ನಾನು: ಸರ್ಕಾರಿ ಶಾಲೆಯ ‘ನಲಿ ಕಲಿ’ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಒಂದೇ ಕೋಣೆಯಲ್ಲಿ 30 ಮಕ್ಕಳಿದ್ದರೆ, ಗಂಟೆಗೆ ಒಬ್ಬೊಬ್ಬರ ಪಾಲಿಗೆ ಬರುವುದು 2 ನಿಮಿಷ. ಮೇಷ್ಟ್ರು ಎಷ್ಟು ಒಳ್ಳೆಯವರಾದರೂ ಆ ಲೆಕ್ಕ ಬದಲಾಗಲ್ಲ. ಕೊರತೆ ಇರುವುದು ಜೋರಾಗಿ ಓದುವಾಗ ಕೇಳಿಸಿಕೊಳ್ಳುವ ಕಿವಿಗೆ. ಅಷ್ಟನ್ನು ನಾವು ಕೊಡಬಹುದು.

ದೊಡ್ಡಪ್ಪ: ಅದು ಸರಿ. ಆದರೆ ರ ಗ ಸ ದ?

ನಾನು: ದೊಡ್ಡಪ್ಪ, ‘ರ ಗ ಸ ದ ಅ’ ಅದೇ ನಲಿ ಕಲಿಯ ಮೊದಲ ಐದು ಅಕ್ಷರ. ಎಚ್.ಡಿ. ಕೋಟೆ ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿ ಶಾಲೆ ನೋಡಿಕೊಂಡು ಬಂದು 1995ರಲ್ಲಿ ನಲಿ ಕಲಿ ಶುರು ಮಾಡಿದರು. ಈ ಐದರಲ್ಲಿ ಎಷ್ಟು ಪದ ಆಗುತ್ತದೆ ನೀವೇ ಬರೆದು ನೋಡಿ. ಸರ, ದರ, ಅರಸ, ಅಗಸ, ಗರಗಸ. ಮಗು 49 ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ, ಮೊದಲ ತಿಂಗಳಲ್ಲೇ ‘ನಾನು ಓದಿದೆ’ ಅಂತ ಮನೆಗೆ ಓಡುತ್ತದೆ. ‘ಅ ಆ ಇ ಈ’ ಅಷ್ಟರಲ್ಲೇ ಓದುವುದಕ್ಕೆ ಯಾವ ಪದ ಸಿಗುತ್ತದೆ ಹೇಳಿ.

ದೊಡ್ಡಪ್ಪ: ‘ಆ’, ‘ಈ’. ಎರಡೂ ಪದವೇ.

ದೊಡ್ಡಪ್ಪ: ‘ಅಗಸರ’ ಕೂಡ ಆಗುತ್ತದೆ. ಬರೆದು ನೋಡಿದೆ. ಆದರೂ ಕಾಗುಣಿತ ಬಾಯಿಪಾಠ ಬೇಕು. ಅದರಲ್ಲಿ ನಾನು ರಾಜಿ ಆಗಲ್ಲ.

ನಾನು: ಬೇಡ ಅಂದಿಲ್ಲ ದೊಡ್ಡಪ್ಪ. ಕಾಗುಣಿತ ಕೂಡಿಸುವುದರಲ್ಲೇ ಎಷ್ಟೋ ಮಕ್ಕಳು ಸೋಲುತ್ತಾರೆ. ನೀವು ಹೇಳಿಸಿದ ರಾಗ ನನಗೆ ಇನ್ನೂ ನೆನಪಿದೆ. ಅದನ್ನೇ ಅಲ್ಲಿ ಬಂದು ಹೇಳಿಸಿ.

ಸಣ್ಣತ್ತೆ: ಅಂಗನವಾಡಿ ಮಕ್ಕಳೂ ಬರ್ತಾರಾ? ನಾಲ್ಕು ವರ್ಷಕ್ಕೆ ಏನು ಓದೋದು?

ನಾನು: ಅಕ್ಕಂದಿರ ಜೊತೆ ಬರುತ್ತಾರೆ ಅತ್ತೆ. ಅವರಿಗೆ ಅಕ್ಷರದ ಗೊಡವೆಯೇ ಬೇಡ. ಕಥೆ ಓದಿ ಹೇಳಿದರೆ ಸಾಕು. ಪುಸ್ತಕ ತಲೆಕೆಳಗೆ ಹಿಡಿದವಳು ಈಗ ತಾನೇ ಸರಿಯಾಗಿ ತಿರುಗಿಸಿ, ಹಾಳೆ ಮಗುಚಿ, ಚಿತ್ರ ನೋಡಿ ತನ್ನದೇ ಕಥೆ ಹೇಳುತ್ತಾಳೆ. ಓದು ಅಲ್ಲಿಂದಲೇ ಶುರು. ಹಿಂದೆ ಒಂದು ಕಡೆ ಮಕ್ಕಳ ಪುಸ್ತಕಕ್ಕೆ ಬೀಗ ಹಾಕಿ ಇಟ್ಟಿದ್ದು ನೋಡಿದ್ದೆ, ಹರಿಯುತ್ತಾರೆ ಅಂತ. ಹರಿಯಲಿ ಬಿಡಿ, ಅಂಟಿಸೋಣ.

ಅತ್ತಿಗೆ: ನಮ್ಮ ಚಿನ್ನುಗೆ ಇಂಗ್ಲಿಷ್ ಓದಲು ಬರುತ್ತದೆ, ಕನ್ನಡ ಬರಲ್ಲ. ಬೆಂಗಳೂರಲ್ಲೇ ಇದ್ದು ಹೀಗಾಯಿತಲ್ಲ ಅಂತ ಬೇಜಾರು. ಕಥೆ ಎಲ್ಲಿ ಸಿಗುತ್ತದೆ?

ನಾನು: ‘ಸ್ಟೋರಿವೀವರ್’ ವೆಬ್‌ಸೈಟ್ ನೋಡಿ ಅತ್ತಿಗೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಕನ್ನಡ ಕಥೆಗಳೂ ಇವೆ, ದುಡ್ಡಿಲ್ಲ. ಓದುವ ಮಟ್ಟ 1ರಿಂದ ಹಿಡಿಯಿರಿ, ಪುಟಕ್ಕೆ ಒಂದೆರಡು ಸಾಲು ಇರುತ್ತದೆ. ನಾನು ಪ್ರಿಂಟ್ ತೆಗೆಸಿ, ದಾರದಿಂದ ಹೊಲಿದು ಅರಿವು ಕೇಂದ್ರದಲ್ಲಿ ಇಟ್ಟಿದ್ದೇನೆ.

ಭಾವ: ಟಿವಿ ಬೇಡ ಅಂತಲೇ ಇಟ್ಟುಕೊಳ್ಳೋಣ. ನನ್ನ ದುಡ್ಡು ಎಲ್ಲಿಗೆ ಹಾಕಲಿ?

ನಾನು: ಎರಡು ಜಮಖಾನ. ನೆಲ ತುಂಬಾ ತಣ್ಣಗಿದೆ. ಉಳಿದದ್ದಕ್ಕೆ ದೊಡ್ಡ ಅಕ್ಷರದ ಕಥೆ ಪುಸ್ತಕ. ಊರಿಗೆ ಬಂದಾಗ ಒಂದು ಗಂಟೆ ಕೂತುಕೊಳ್ಳಿ ಭಾವ, ಅದು ದುಡ್ಡಿಗಿಂತ ಜಾಸ್ತಿ.

ಭಾವ: ಕೂರುವುದು ಆಮೇಲೆ ನೋಡೋಣ. ಜಮಖಾನ ಕಳಿಸುತ್ತೇನೆ. ಟಿವಿ ವಿಷಯ ನಾನಿನ್ನೂ ಬಿಟ್ಟಿಲ್ಲ.

ಅತ್ತಿಗೆ: ಚಿನ್ನು ‘ಗರಗಸ’ ಓದಿದಳು! ಅದು ಏನು ಅಂತ ಕೇಳುತ್ತಿದ್ದಾಳೆ. ಮನೆಯಲ್ಲಿ ತೋರಿಸೋಕೆ ಒಂದೂ ಇಲ್ಲ.

ದೊಡ್ಡಪ್ಪ: ಅಟ್ಟದ ಮೇಲೆ ಅಪ್ಪನ ಕಾಲದ್ದು ಇದೆ. ಬೆಳಿಗ್ಗೆ ಇಳಿಸಿ ಫೋಟೋ ಹಾಕುತ್ತೇನೆ.