ಆಸ್ಟ್ರೋಪೈ ಇನ್ನೂ ಹಳೇ ಸರ್ವರಿನ ಬಾಗಿಲನ್ನೇ ತಟ್ಟುತ್ತಿದೆ, ಏನು ಮಾಡಲಿ?

ತಾರಸಿ ಟೆಲಿಸ್ಕೋಪ್:
ನಮಸ್ಕಾರ. ನಾನು ಎಂಎಸ್ಸಿ ಫಿಸಿಕ್ಸ್, ಎರಡನೇ ವರ್ಷ. ಕಾಲೇಜಿನ ತಾರಸಿಯಲ್ಲಿ 8 ಇಂಚಿನ ಟೆಲಿಸ್ಕೋಪ್ ಇದೆ. ಜೋಡಿ ನಕ್ಷತ್ರಗಳಲ್ಲಿ ಒಂದು ಇನ್ನೊಂದನ್ನು ಮರೆ ಮಾಡಿದಾಗ ಬೆಳಕು ಕುಗ್ಗುತ್ತದಲ್ವಾ, ಆ ಸಮಯ ಹಿಡಿಯುವುದೇ ನನ್ನ ಪ್ರಾಜೆಕ್ಟ್.

ಲ್ಯಾಬಿನ ಡೆಸ್ಕ್‌ಟಾಪ್ ಹಳೆಯದು. ಪೈಥಾನ್ 3.8, ಖಗೋಳ ಲೆಕ್ಕಗಳಿಗೆ ಬಳಸುವ ಅದರ ಲೈಬ್ರರಿ ಆಸ್ಟ್ರೋಪೈ 5.2. ಎರಡು ತಿಂಗಳು 2019ರ ಡೇಟಾ ಮೇಲೆ ಕೆಲಸ ಮಾಡಿದೆ, ಒಂದು ತಕರಾರೂ ಇರಲಿಲ್ಲ. ಮೊನ್ನೆ ರಾತ್ರಿ ಮೊದಲ ಸಲ ಅವತ್ತಿನದೇ ದಿನಾಂಕ ಕೊಟ್ಟು ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಟ್ಟಿತು. ಆಮೇಲೆ ಉದ್ದದ ವಾರ್ನಿಂಗ್: ಐಇಆರ್‌ಎಸ್ (ಭೂಮಿಯ ತಿರುಗುವಿಕೆಯ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ) ಡೇಟಾ ಆ ದಿನಾಂಕದವರೆಗೆ ಇಲ್ಲ, ಧ್ರುವಗಳ ಅಲುಗಾಟಕ್ಕೆ 50 ವರ್ಷದ ಸರಾಸರಿ ಬಳಸುತ್ತೇನೆ ಅಂತ. ಸಮಯವನ್ನು ಯುಟಿ1ಗೆ, ಅಂದರೆ ಭೂಮಿಯ ತಿರುಗುವಿಕೆ ಆಧರಿಸಿದ ಸಮಯಕ್ಕೆ, ಬದಲಾಯಿಸಲು ಹೋದರೆ ನೇರವಾಗಿ ಎರರ್.

ನನ್ನ ಲ್ಯಾಪ್‌ಟಾಪಿನಲ್ಲಿ, ಅದೇ ವೈಫೈನಲ್ಲಿ, ಅದೇ ಸ್ಕ್ರಿಪ್ಟ್ ಸಲೀಸಾಗಿ ಓಡುತ್ತದೆ. ಡೆಸ್ಕ್‌ಟಾಪಿನಲ್ಲಿ ಆಸ್ಟ್ರೋಪೈ ತೆಗೆದು ಮೂರು ಸಲ ಮತ್ತೆ ಹಾಕಿದೆ. ಹತ್ತು ಗಂಟೆಗೆ ಅಟೆಂಡರ್ ಬೀಗ ಹಾಕುತ್ತಾರೆ, ಹಾಗಾಗಿ ಒಂದು ರಾತ್ರಿಗೆ ಒಂದೇ ಪ್ರಯೋಗ!

ಕಮಾಂಡ್ ಲೈನ್ ಕಾಕಾ:
ಕ್ಯಾಶ್, ಅಂದರೆ ಆಸ್ಟ್ರೋಪೈ ಇಳಿಸಿಟ್ಟುಕೊಂಡ ಫೈಲುಗಳನ್ನು, ಅಳಿಸಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಅದೇ.

ತಾರಸಿ ಟೆಲಿಸ್ಕೋಪ್:
ಅಳಿಸಿದೆ ಸರ್, ಏನೂ ಬದಲಾಗಲಿಲ್ಲ. ಆದರೆ ಈ ಸಲ ಎರರ್ ಪೂರ್ತಿ ಓದಿದೆ. ಅದರಲ್ಲಿ ನಾಸಾದ ಡೇಟಾ ಭಂಡಾರ ಸಿಡಿಡಿಐಎಸ್‌ನ ವಿಳಾಸ ಇದೆ, ಮುಂದೆ ಎಫ್‌ಟಿಪಿ (ಫೈಲ್ ಸಾಗಿಸುವ ಹಳೇ ವಿಧಾನ) ಅಂತಿದೆ. ಲ್ಯಾಪ್‌ಟಾಪ್ ಹೋಗುವುದು ಐಇಆರ್‌ಎಸ್ ಡೇಟಾಸೆಂಟರ್‌ಗೆ. ಒಂದೇ ಸಾಫ್ಟ್‌ವೇರ್, ಎರಡು ವಿಳಾಸ ಹೇಗೆ?

ಹಳೇ ಪೈಪ್‌ಲೈನ್:
ಎಫ್‌ಟಿಪಿ ಅಂದಿರಲ್ಲ, ಗೊತ್ತಾಯಿತು. ಈ ಕಾಯಿಲೆ ನನಗೂ ಬಂದಿತ್ತು.

ಭೂಮಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಗಡಿಯಾರದ ಸಮಯಕ್ಕೂ ಭೂಮಿ ನಿಜವಾಗಿ ಎಷ್ಟು ತಿರುಗಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅಳೆದು ಪಟ್ಟಿ ಮಾಡಬೇಕು, ಆ ಪಟ್ಟಿಯನ್ನೇ ಆಸ್ಟ್ರೋಪೈ ಇಳಿಸಿಕೊಳ್ಳುವುದು. ಮೊದಲು ಅದನ್ನು ಅಮೆರಿಕದ ನೌಕಾಪಡೆಯ ವೀಕ್ಷಣಾಲಯದ ಮಾಯಾ ಸರ್ವರಿನಿಂದ ತರುತ್ತಿತ್ತು. 2019ರ ಅಕ್ಟೋಬರಿನಲ್ಲಿ ನವೀಕರಣಕ್ಕೆ ಅಂತ ಆ ಸರ್ವರನ್ನು ತಿಂಗಳುಗಟ್ಟಲೆ ಮುಚ್ಚಿದರು. ನಾವೆಲ್ಲ ಪರದಾಡಿ, ಯಾರೋ ಹೇಳಿದ ಸಿಡಿಡಿಐಎಸ್ ಎಫ್‌ಟಿಪಿ ವಿಳಾಸವನ್ನು ಸೆಟ್ಟಿಂಗ್ಸ್ ಫೈಲಿಗೆ ಬರೆದುಕೊಂಡೆವು. ಮುಂದಿನ ವರ್ಷ, 2020ರ ಅಕ್ಟೋಬರ್ 31ಕ್ಕೆ, ನಾಸಾ ಆ ಎಫ್‌ಟಿಪಿಯನ್ನೇ ನಿಲ್ಲಿಸಿತು. ಔಷಧಿಯೇ ಕಾಯಿಲೆ ಆಯಿತು.

ನಿಮ್ಮ ವಿಳಾಸ ಕ್ಯಾಶಿನಲ್ಲಿಲ್ಲ, ಅದಕ್ಕೇ ಅಳಿಸಿದರೂ ಹೋಗಲಿಲ್ಲ. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಆಸ್ಟ್ರೋಪೈ ಫೋಲ್ಡರ್ ಇದೆ. ಅದರೊಳಗಿನ ಕಾನ್ಫಿಗ್ ಫೋಲ್ಡರಿನಲ್ಲಿ ಆಸ್ಟ್ರೋಪೈ ಡಾಟ್ ಸಿಎಫ್‌ಜಿ ಫೈಲ್ ತೆರೆಯಿರಿ. ಸಾಫ್ಟ್‌ವೇರ್ ತೆಗೆದು ಹಾಕಿದರೆ ಈ ಫೈಲನ್ನು ಯಾರೂ ಮುಟ್ಟುವುದಿಲ್ಲ. ಐಇಆರ್‌ಎಸ್ ಆಟೋ ಯುಆರ್‌ಎಲ್ ಅಂತ ಒಂದು ಸಾಲು, ಕೊನೆಗೆ ಮಿರರ್ ಅಂತ ಸೇರಿಸಿದ ಇನ್ನೊಂದು ಸಾಲು ಇರುತ್ತದೆ. ಎರಡರ ಮುಂದೆಯೂ ಹ್ಯಾಷ್ (#) ಹಾಕಿ ಉಳಿಸಿ. ಹೊಸ ವಿಳಾಸ ಬರೆಯಲು ಹೋಗಬೇಡಿ, ಇನ್ನೈದು ವರ್ಷಕ್ಕೆ ಇನ್ನೊಬ್ಬರು ಇಲ್ಲಿ ಬಂದು ಇದೇ ಪ್ರಶ್ನೆ ಕೇಳುತ್ತಾರೆ. ಹ್ಯಾಷ್‌ನಿಂದ ಸಾಲು ಸತ್ತಿದ್ದರೆ ಆಸ್ಟ್ರೋಪೈ ತನ್ನದೇ ವಿಳಾಸ ಬಳಸುತ್ತದೆ.

2019ರ ಡೇಟಾ ಯಾಕೆ ನಡೆಯಿತು ಅಂದರೆ, ಹಳೇ ದಿನಾಂಕಗಳ ಪಟ್ಟಿ ಆಸ್ಟ್ರೋಪೈ ಜೊತೆಗೇ ಬರುತ್ತದೆ. ಹೊಸ ಪಟ್ಟಿ ಬೇಕಾಗಿದ್ದು ಮೊನ್ನೆ ಮಾತ್ರ.

ತಾರಸಿ ಟೆಲಿಸ್ಕೋಪ್:
ಸಿಕ್ಕಿತು! ಫೈಲ್ ಪೂರ್ತಿ ಹ್ಯಾಷ್ ಇರುವ ಸಾಲುಗಳು, ನಡುವೆ ಎರಡೇ ಎರಡು ಬೋಳು ಸಾಲು. ಎರಡರಲ್ಲೂ ಅದೇ ಎಫ್‌ಟಿಪಿ. ಫೈಲ್ ಕೊನೆಯ ಸಲ ಬದಲಾಗಿದ್ದು 2019ರ ನವೆಂಬರಿನಲ್ಲಿ. ಎಲ್ಲರೂ ಒಂದೇ ಲಾಗಿನ್ ಬಳಸುವುದರಿಂದ ಯಾವ ಸೀನಿಯರ್ ಬರೆದರೋ ಗೊತ್ತಿಲ್ಲ. ಹ್ಯಾಷ್ ಹಾಕಿ ಓಡಿಸಿದೆ. ಮೂರು ಎಂಬಿ ಚಿಲ್ಲರೆ ಫೈಲ್ ಇಳಿಯಿತು, ವಾರ್ನಿಂಗ್ ಮಾಯ.

ನಾಚಿಕೆಯ ವಿಷಯ ಏನೆಂದರೆ, ಆ ವಾರ್ನಿಂಗಿನ ಕೊನೆಯ ವಾಕ್ಯದಲ್ಲೇ ಐಇಆರ್‌ಎಸ್ ಆಟೋ ಯುಆರ್‌ಎಲ್ ಪರೀಕ್ಷಿಸಿ ಅಂತ ಬರೆದಿತ್ತು. ನಾನು ಮೊದಲ ಸಾಲಿಗೇ ಹೆದರಿ ನಿಲ್ಲಿಸಿದ್ದೆ.

ಒಂದು ಅನುಮಾನ. ಮೊನ್ನೆ ರಾತ್ರಿ ವಾರ್ನಿಂಗ್ ಬಂದರೂ ತೆಗೆದ 140 ಫೋಟೋ ಇವೆ. ಎಸೆಯಬೇಕಾ?

ಹಳೇ ಪೈಪ್‌ಲೈನ್:
ಬೇಡವೇ ಬೇಡ. ಪಟ್ಟಿ ಇಲ್ಲದಿದ್ದರೆ ಎತ್ತರದ ಲೆಕ್ಕದಲ್ಲಿ ಆ ವ್ಯತ್ಯಾಸವನ್ನು ಸೊನ್ನೆ ಅಂತ ಹಿಡಿಯುತ್ತದೆ. ಒಂದು ಸೆಕೆಂಡ್ ತಪ್ಪಿದರೆ ಆಕಾಶದಲ್ಲಿ ಹೆಚ್ಚೆಂದರೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). ವ್ಯತ್ಯಾಸ 0.9 ಸೆಕೆಂಡ್ ದಾಟದ ಹಾಗೆ ನೋಡಿಕೊಳ್ಳುತ್ತಾರೆ, ಈಚೆಗಂತೂ ಅದು ತೀರಾ ಚಿಕ್ಕದು. ನಕ್ಷತ್ರ ಫೋಟೋದಲ್ಲಿ ಬಿದ್ದಿದೆಯಲ್ಲ, ಅಷ್ಟು ಸಾಕು. ಸಮಯದ ಲೆಕ್ಕಕ್ಕೆ ನಿಮಗೆ ಮುಖ್ಯ ನಕ್ಷತ್ರದ ಬೆಳಕು ಭೂಮಿಗೂ ಸೂರ್ಯನಿಗೂ ತಲುಪುವ ಹೊತ್ತಿನ ವ್ಯತ್ಯಾಸ. ಅದು ಎಂಟು ನಿಮಿಷದವರೆಗೂ ಹೋಗುತ್ತದೆ. ಭೂಮಿ ತಿರುಗಿದ್ದರಿಂದ ಅದರಲ್ಲಿ ಬರುವ ತಪ್ಪು ಮಿಲಿಸೆಕೆಂಡೂ ಇರುವುದಿಲ್ಲ.

ಕಮಾಂಡ್ ಲೈನ್ ಕಾಕಾ:
ನನ್ನ ಒಂಬತ್ತು ಸಲದ ಲೆಕ್ಕ ವಾಪಸ್ ತೆಗೆದುಕೊಂಡೆ. ಸಾಧ್ಯವಾದರೆ ಪೈಥಾನ್ 3.9 ಹಾಕಿಸಿ, ಆಸ್ಟ್ರೋಪೈ 6ಕ್ಕೆ ಹೋಗಿ. ಅದರಲ್ಲಿ ಈ ಪಟ್ಟಿ ಪ್ರತ್ಯೇಕ ಪ್ಯಾಕೇಜಾಗಿ ಬರುತ್ತದೆ, ಮುಂದಿನ ದಿನಗಳ ಅಂದಾಜೂ ಅದರಲ್ಲೇ ಇರುತ್ತದೆ. ನೆಟ್ ಇಲ್ಲದ ಬೆಟ್ಟಕ್ಕೆ ಟೆಲಿಸ್ಕೋಪ್ ಹೊತ್ತುಕೊಂಡು ಹೋದಾಗ ಬೇಕಾಗುತ್ತದೆ.

ಹಾಗೇ ನಕ್ಷತ್ರಗಳ ಮಾಹಿತಿ ಭಂಡಾರ ಸಿಂಬಾಡ್ ಬಳಸುವ ಸ್ಕ್ರಿಪ್ಟುಗಳಲ್ಲಿ ಹಳೇ ವಿಳಾಸದ ಯು-ಸ್ಟ್ರಾಸ್‌ಬಿಜಿ (u-strasbg) ಅಂತ ಹುಡುಕಿ. ಅದನ್ನು ನಡೆಸುವ ಸ್ಟ್ರಾಸ್‌ಬರ್ಗಿನವರು ಸಿಡಿಎಸ್ ಯುನಿಸ್ಟ್ರಾ ವಿಳಾಸಕ್ಕೆ ಹೋಗಿದ್ದಾರೆ. ಆ ಸೀನಿಯರ್ ಇನ್ನೆಲ್ಲಿ ಏನು ಬರೆದಿಟ್ಟಿದ್ದಾರೋ ಯಾರಿಗೆ ಗೊತ್ತು.