ಆಂಪ್ ಇಪ್ಪತ್ತು ನಿಮಿಷಕ್ಕೆ ಸುಮ್ಮನಾಗತ್ತೆ, ಐಸಿ ಹೋಯ್ತಾ? ಅನುಭವ ಇದ್ದೋರು ಹೇಳಿ

ಪ್ರಶ್ನೆ: ಟಿಡಿಎ 7294 (ಆಂಪ್ಲಿಫೈಯರ್ ಐಸಿ) ಬೋರ್ಡು, 24-0-24 ಟ್ರಾನ್ಸ್‌ಫಾರ್ಮರ್, 4 ಓಮ್ ವೂಫರ್. ಇಪ್ಪತ್ತು ನಿಮಿಷ ಚೆನ್ನಾಗಿ ಹಾಡತ್ತೆ, ಆಮೇಲೆ ಸದ್ದೇ ಇಲ್ಲ, ಹತ್ತು ನಿಮಿಷ ಬಿಟ್ರೆ ತಾನೇ ಬರತ್ತೆ. ಐಸಿ ಬಿಸಿ ಹೊರಹಾಕೋ ಹೀಟ್‌ಸಿಂಕ್ ಮುಟ್ಟಿದ್ರೆ ತಣ್ಣಗಿದೆ. ಎರಡು ಸಲ ಐಸಿ ಬದಲಾಯಿಸಿದೆ, ಅದೇ ಕಥೆ.

ಉತ್ತರ: ಮೂರನೇ ಐಸಿ ತರಬೇಡಿ ಸರ್, ಇರೋದು ಚೆನ್ನಾಗೇ ಇದೆ. ಒಳಗಿನ ಚಿಪ್ 145 ಡಿಗ್ರಿ ಮುಟ್ಟಿದ್ರೆ ಮ್ಯೂಟ್ ಆಗತ್ತೆ, 150ಕ್ಕೆ ಸ್ಟ್ಯಾಂಡ್‌ಬೈಗೆ ಹೋಗತ್ತೆ, ಆರಿದ ಮೇಲೆ ವಾಪಸ್ ಬರತ್ತೆ. ಖಾತ್ರಿ ಬೇಕಿದ್ರೆ ಸದ್ದು ನಿಂತಾಗಲೇ 9, 10ನೇ ಪಿನ್ನಿನ (ಸ್ಟ್ಯಾಂಡ್‌ಬೈ, ಮ್ಯೂಟ್) ವೋಲ್ಟೇಜ್ ನೋಡಿ, 3.5ಕ್ಕಿಂತ ಜಾಸ್ತಿ ಇದ್ರೆ ಹೊರಗಿನಿಂದ ಯಾರೂ ಮ್ಯೂಟ್ ಮಾಡ್ತಿಲ್ಲ, ಐಸಿನೇ ಬಂದ್ ಮಾಡ್ಕೊಂಡಿದೆ. ಆದ್ರೆ ಪ್ರೋಬನ್ನ ಪಿನ್ ಮೇಲೆ ಇಡಬೇಡಿ, ಪಕ್ಕದ 8ರಲ್ಲಿ ಮೈನಸ್ ಸಪ್ಲೈ ಇದೆ, ಜಾರಿದ್ರೆ ಐಸಿ ನಿಜವಾಗ್ಲೂ ಹೋಗತ್ತೆ, ಆ ಪಿನ್ನುಗಳ ಕೆಪಾಸಿಟರ್ ಕಾಲಲ್ಲಿ ಅಳೀರಿ.

ಸಿಂಕ್ ತಣ್ಣಗಿದೆ ಅಂದ್ರಲ್ಲ, ರೋಗ ಅಲ್ಲೇ ಇದೆ, ಬಿಸಿ ಸಿಂಕಿಗೆ ಹೋಗ್ತಾನೇ ಇಲ್ಲ. ನಂದೂ ಹೀಗೇ ಆಗಿತ್ತು. ಬಿಚ್ಚಿ ನೋಡಿದ್ರೆ ಸ್ಕ್ರೂ ತೂತಿನ ಸುತ್ತ ಡ್ರಿಲ್ ಮಾಡಿದ ಅಲ್ಯೂಮಿನಿಯಂ ಅಂಚು ಕೂದಲೆಳೆಯಷ್ಟು ಎದ್ದಿತ್ತು, ಅದು ಐಸಿನ ಎತ್ತಿ ಹಿಡಿದಿತ್ತು, ಆ ಸಂದಿನಲ್ಲಿ ಬಿಸಿ ದಾಟಿಸೋಕೆ ನಾನೇ ಹಚ್ಚಿದ್ದ ಪೇಸ್ಟು ದೋಸೆ ಹಿಟ್ಟಿನ ಥರ ದಪ್ಪಗೆ ಕೂತಿತ್ತು. ದೊಡ್ಡ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ಅಂಚು ಕೆರೆದೆ, ಪೇಸ್ಟ್ ತೆಳ್ಳಗೆ ಹಚ್ಚಿದೆ, ಅವತ್ತಿಂದ ನಿಂತಿಲ್ಲ. ಐಸಿಗೂ ಸಿಂಕಿಗೂ ನಡುವೆ ಕರೆಂಟ್ ತಡೆಯೋ ಮೈಕಾ ಹಾಳೆ ಬಿಡಬೇಡಿ, ಐಸಿ ಬೆನ್ನಿನ ಲೋಹ ಮೈನಸ್ ಸಪ್ಲೈಗೇ ಸೇರಿದೆ.

ಇನ್ನೊಂದು, ನಿಮ್ಮ ಟ್ರಾನ್ಸ್‌ಫಾರ್ಮರ್ ಡಿಸಿ ಆದ್ಮೇಲೆ ಲೋಡ್ ಇಲ್ದೆ ಹೆಚ್ಚುಕಮ್ಮಿ ±34 ವೋಲ್ಟ್ ಕೊಡತ್ತೆ. ಡೇಟಾಶೀಟ್‌ನಲ್ಲಿ 70 ವಾಟ್ ಕೊಟ್ಟಿರೋದು 8 ಓಮ್‌ಗಾದ್ರೆ ±35ರಲ್ಲಿ, 4 ಓಮ್‌ಗಾದ್ರೆ ±27ರಲ್ಲಿ. ನಿಮ್ಮ 4 ಓಮ್‌ಗೆ ±34 ಜಾಸ್ತಿ ಆಯ್ತು, 18-0-18 ಹಾಕಿ, ಇಲ್ಲಾ 8 ಓಮ್ ಸ್ಪೀಕರ್ ಹಾಕಿ.

ಇನ್ನೊಬ್ಬರು: ಅಣ್ಣ ಹೇಳಿದ್ದು ಸರಿ, ಆದ್ರೆ ಕ್ಲಾಸ್ ಡಿ (ಸ್ವಿಚಿಂಗ್ ಥರದ ಆಂಪ್) ಬೋರ್ಡ್ ಇರೋರು ತಾನೇ ಬರತ್ತೆ ಅಂತ ಕಾಯಬೇಡಿ. ಟಿಪಿಎ 3116 ಚಿಪ್ 150 ಡಿಗ್ರಿ ದಾಟಿದ್ರೆ ಲ್ಯಾಚ್ ಆಗತ್ತೆ, ಸಾಮಾನ್ಯವಾಗಿ ಆಫ್ ಮಾಡಿ ಆನ್ ಮಾಡೋವರೆಗೂ ಹಾಗೇ ಕೂತಿರತ್ತೆ. ಅದಕ್ಕೆ ಫಾಲ್ಟ್ ಅಂತ ಒಂದು ಪಿನ್ನೇ ಇದೆ, ತೊಂದ್ರೆ ಬಂದ್ರೆ ಸೊನ್ನೆಗೆ ಇಳಿಯತ್ತೆ, ಆದ್ರೆ ಬಿಸಿ, ಶಾರ್ಟ್, ಔಟ್‌ಪುಟ್‌ನಲ್ಲಿ ಡಿಸಿ ಮೂರಕ್ಕೂ ಅದೇ ಒಂದು ಪಿನ್ನು. ನಾನು ಆರಿದ ಬೋರ್ಡನ್ನ ಸ್ಪೀಕರ್ ಕಳಚಿ ಆನ್ ಮಾಡ್ತೀನಿ, ತಕ್ಷಣ ಆ ಪಿನ್ನು ಇಳಿದ್ರೆ ಬೋರ್ಡಲ್ಲೇ ಶಾರ್ಟ್ ಹುಡುಕ್ತೀನಿ, ಸ್ಪೀಕರ್ ಹಾಕಿ ಒಳ್ಳೆ ಸೌಂಡ್ ಕೊಟ್ಟು ಹೊತ್ತಾದ್ಮೇಲೆ ಇಳಿದ್ರೆ ಮೊದಲು ಸಿಂಕ್ ಕಡೆ ಹೋಗ್ತೀನಿ.