ಹೊಲದ ಮೂಲೆ ಬಿಡುವ ಬದಲು ದುಡ್ಡು ಕೊಟ್ಟರೆ ಸಾಕೇ?

ಪ್ರಶ್ನೆ:
ಅಪ್ಪ ಇರುವಷ್ಟು ದಿನ ನಮ್ಮ ಹೊಲದ ಮೂಲೆಗಳಿಗೆ ಕುಡುಗೋಲು ಹಾಕಲಿಲ್ಲ. ಸಿವುಡು ಕಟ್ಟುವಾಗ ಬಿದ್ದ ತೆನೆಯನ್ನೂ ಎತ್ತಲು ಬಿಡುತ್ತಿರಲಿಲ್ಲ. "ಅದು ಹಕ್ಕಲು, ನಮ್ಮದಲ್ಲ" ಅನ್ನುತ್ತಿದ್ದರು. ಬೈಬಲಿನ ಯಾಜಕಕಾಂಡ 19ರಲ್ಲಿ ಹೊಲದ ಮೂಲೆ, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಬೇಕು ಅಂತಿದೆ, ಅವರು ಅದನ್ನು ಓದಿಕೊಂಡದ್ದೇ ಹಾಗೆ. ಒಬ್ಬ ವಿಧವೆ ಪ್ರತಿ ಸುಗ್ಗಿಗೂ ಬರುತ್ತಿದ್ದರು. ಮಡಿಲು ತುಂಬ ಆಯ್ದುಕೊಂಡು, ಬದುವಿನ ಮೇಲೆ ಕೂತು, ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿ, ನಾಲ್ಕು ಕಾಳು ನನ್ನ ಕೈಗೂ ಹಾಕುತ್ತಿದ್ದರು.

ಈಗ ಕೊಯ್ಲು ಮಷಿನ್ನಿನದು. ಬದುವಿನವರೆಗೂ ಬೋಳಿಸಿಬಿಡುತ್ತದೆ. ತಮ್ಮ ಹೇಳುತ್ತಾನೆ: "ಅಕ್ಕಾ, ಮೂಲೆಯ ಲೆಕ್ಕ ಹಾಕಿ ಅಷ್ಟು ದುಡ್ಡನ್ನು ಸಭೆಯ ಬಡವರ ನಿಧಿಗೆ ಕೊಡೋಣ. ಬಿಸಿಲಲ್ಲಿ ಬಗ್ಗುವುದಾದರೂ ತಪ್ಪುತ್ತೆ." ಅವನು ಜಿಪುಣನಲ್ಲ, ಅದಕ್ಕೇ ನನಗೆ ಉತ್ತರ ಹೊಳೆಯುತ್ತಿಲ್ಲ. ಎರಡೂ ಒಂದೇನಾ?

ಉತ್ತರ 1:
ಒಂದಲ್ಲ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರು ವರ್ಷಕ್ಕೊಮ್ಮೆ ದಶಮಾಂಶ ಕೂಡಿಸಿ ದೇವರ ಸೇವೆಯ ಕುಲದವರಾದ ಲೇವಿಯರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಕೊಡಬೇಕು. ಅದರ ಜೊತೆಗೇ 24ರಲ್ಲಿ, ಹೊಲದಲ್ಲಿ ಮರೆತ ಸಿವುಡಿಗಾಗಿ ಹಿಂದಿರುಗಬೇಡ ಅಂತಿದೆ. ಒಂದು ಕೊಟ್ಟರೆ ಇನ್ನೊಂದು ತೀರಿತು ಅಂತ ಎಲ್ಲೂ ಇಲ್ಲ. ಮೂಲೆ ಎಷ್ಟಿರಬೇಕು ಅಂತ ಯಾಜಕಕಾಂಡ ಹೇಳುವುದಿಲ್ಲ. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ, ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬೇಡ ಅನ್ನುತ್ತದೆ. ತಮ್ಮನಿಗೆ ಆ ಲೆಕ್ಕ ತೋರಿಸಿ, ಅಂಥ ಭಾರವೇನಲ್ಲ.

ಉತ್ತರ 2:
ತಮ್ಮನ ಮಾತಲ್ಲೂ ನ್ಯಾಯವಿದೆ. ಬಗ್ಗಲಾಗದವರು ಏನು ಮಾಡಬೇಕು? ಆಯಲು ಬರುವವರು ಇದ್ದಾರಾ ಅಂತ ಮೊದಲು ಹೋಗಿ ಕೇಳಿ.

ಉತ್ತರ 3:
ನಮ್ಮಲ್ಲೂ ಮಷಿನ್ನೇ. ಅದು ಬರುವ ಮುಂಚೆ ಮೂಲೆಗಳಿಗೆ ಕೋಲು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತೇವೆ, ಡ್ರೈವರ್ ಅದರಾಚೆ ಹೋಗುವುದಿಲ್ಲ.

ಬೈಬಲಿನ ರೂತಳ ಕಥೆಯಲ್ಲಿ ಹೊಲದ ಯಜಮಾನ ಬೋವಜ ಏನು ಮಾಡಿದ ನೋಡಿ. ಬಡ ವಿಧವೆ ರೂತ್ ಅವನ ಹೊಲದಲ್ಲಿ ಹಕ್ಕಲು ಆಯಲು ಬಂದಿದ್ದಳು. ರೂತಳ ಕೈಗೆ ಧಾನ್ಯ ಅಳೆದು ಕೊಟ್ಟು ಅಲ್ಲಿಂದಲೇ ಕಳಿಸಬಹುದಿತ್ತು. ಸಿವುಡಿನಿಂದ ಬೇಕಂತಲೇ ತೆನೆ ಕಿತ್ತು ಬೀಳಿಸಿ, ಅವಳನ್ನು ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ. ಸಂಜೆ ಬಡಿದಾಗ ಸುಮಾರು ಒಂದು ಏಫಾ (ಧಾನ್ಯದ ಹಳೆಯ ಅಳತೆ) ಜವೆಗೋದಿ ಆಯಿತು. ಅತ್ತೆಯ ಮುಂದೆ ಅವಳು ತನ್ನ ದುಡಿಮೆಯನ್ನು ಇಳಿಸಿದಳು. ನಿಧಿಯಿಂದ ಪಡೆಯುವವರಿಗೆ ಆ ಸಂಜೆ ಸಿಗುವುದಿಲ್ಲ.

ಕೇಳಿದವಳ ಮರುಮಾತು:
ನಿನ್ನೆ ಆ ಅಮ್ಮನ ಮನೆಗೆ ಹೋಗಿದ್ದೆ. ಮಂಡಿ ಹಿಡಿದುಕೊಂಡಿದೆ. "ಮೊಮ್ಮಗಳು ಆಯ್ತಾಳೆ, ನಾನು ಬದುವಿನ ಮೇಲೆ ಕೂತಿರ್ತೀನಿ" ಅಂದರು. ತಮ್ಮ ಈ ಸಲಕ್ಕೆ ಎರಡು ಮೂಲೆಗೆ ಒಪ್ಪಿದ್ದಾನೆ, ನಿಧಿಗೂ ಕೊಡುತ್ತಾನಂತೆ. ಕೋಲು ಕಡಿದಿಟ್ಟಿದ್ದೇವೆ.